ಹದಿನಾರು ಚಕ್ರದ ಮಾರುತಿ

ಕಾರಿಗೆ ಮುಂದೆ ಹೋಗುವುದು ಗೊತ್ತು, ಹಿಂದೆ ಬರುವುದು ಗೊತ್ತು. ಪಕ್ಕಕ್ಕೆ ಸರಿಯುವುದು ಮಾತ್ರ ಗೊತ್ತಿಲ್ಲ. ಚಿಕ್ಕಮಗಳೂರಿನ ಕಡೆ ಕಾಫಿ ಬೆಳೆಯುವವರ ಮನೆಗಳಲ್ಲಿ ಜನವರಿ ಬಂತೆಂದರೆ ಈ ಕೊರತೆ ಎದ್ದು ಕಾಣುತ್ತದೆ. ಕಣದಲ್ಲಿ ಒಣಗಿದ ಚೆರ್ರಿ, ಅಂದರೆ ಸಿಪ್ಪೆ ಸಮೇತ ಒಣಗಿದ ಕಾಫಿ ಹಣ್ಣು, ಮೂಟೆಯಾಗಿ ಒಳಗೆ ಬರಬೇಕು. ಗೋದಾಮು ತುಂಬಿದ ಮೇಲೆ ಉಳಿಯುವುದು ಗ್ಯಾರೇಜು. ಗ್ಯಾರೇಜಿನ ನಟ್ಟನಡುವೆ ನಮ್ಮ ಮಾವನವರ ಮಾರುತಿ 800.

ಅದು ಓಡುವುದಿಲ್ಲ. ಅದನ್ನು ಮಾರುವಂತೆಯೂ ಇಲ್ಲ. ಮಾವ ಬೆಳಗಿನ ಕಾಫಿ ಮುಗಿಸಿ, ಪತ್ರಿಕೆ ಹಿಡಿದುಕೊಂಡು ಅದರ ಸ್ಟೇರಿಂಗಿನ ಮುಂದೆ ಕುಳಿತು ಓದುತ್ತಾರೆ. ಪುಟ ತಿರುಗಿಸುವಾಗ ಕನ್ನಡಿಯಲ್ಲಿ ಹಿಂದೆ ಯಾರಾದರೂ ಬರುತ್ತಿದ್ದಾರೆಯೇ ಎಂದು ನೋಡುತ್ತಾರೆ. "1983ರಲ್ಲಿ ಬಂದ ಗಾಡಿ, 2014ರಲ್ಲಿ ತಯಾರಿಕೆಯೇ ನಿಂತಿತು. ಇನ್ನು ಇದಕ್ಕೆ ಬೆಲೆ ಏರುವುದೇ ಹೊರತು ಇಳಿಯುವುದಿಲ್ಲ" ಎನ್ನುವುದು ಅವರ ಲೆಕ್ಕ. ಕಾಫಿಯ ಬಗ್ಗೆ, ಮೆಣಸಿನ ಬಗ್ಗೆ, ಅಟ್ಟದ ಮೇಲಿನ ಹಳೆಯ ತಾಮ್ರದ ಹಂಡೆಯ ಬಗ್ಗೆಯೂ ಅವರ ಲೆಕ್ಕ ಇದೇ.

ಮೊದಲೆಲ್ಲ ಈ ಕಾರನ್ನು ಸರಿಸುವುದು ಒಂದು ಸಮಸ್ಯೆಯೇ ಆಗಿರಲಿಲ್ಲ. ಒಟ್ಟು ತೂಕವೇ ಸುಮಾರು 650 ಕಿಲೋ. ಎಂಜಿನ್ ಮುಂದಿರುವುದರಿಂದ ಹಿಂಭಾಗ ಇನ್ನೂ ಹಗುರ. ನಾಲ್ಕು ಆಳುಗಳು ಹಿಂದೆ ಕೈಕೊಟ್ಟು ಎತ್ತಿ ಗೋಡೆಯ ಕಡೆಗೆ ಇಟ್ಟು, ಮುಂದಕ್ಕೂ ಅದೇ ಉಪಚಾರ ಮಾಡಿ, ಬೆಲ್ಲದ ಕಾಫಿ ಕುಡಿದು ಹೋಗುತ್ತಿದ್ದರು. ಈಗ ಹಣ್ಣು ಕೊಯ್ಯುವುದಕ್ಕೇ ಆಳು ಸಿಗುವುದಿಲ್ಲ. ಸಿಕ್ಕವರನ್ನು ಕಾರು ಎತ್ತಲು ಕರೆದರೆ ನಾಳೆ ಅವರು ಪಕ್ಕದ ತೋಟದಲ್ಲಿರುತ್ತಾರೆ.

ಆಗ ಬೆಂಗಳೂರಿನಿಂದ ಬಂದಿದ್ದ ಮೈದುನ ಮೊಬೈಲಿನಲ್ಲಿ ವೀಲ್ ಡಾಲಿಯನ್ನು ಹುಡುಕಿ ತೆಗೆದ. ದಪ್ಪ ತಗಡಿನ, ನಡುವೆ ತುಸು ತಗ್ಗಾದ ಒಂದು ಮಣೆ. ಕೆಳಗೆ ನಾಲ್ಕು ಪುಟ್ಟ ತಿರುಗುವ ಚಕ್ರಗಳು. ಕಾರಿನ ಒಂದೊಂದು ಗಾಲಿಯನ್ನೂ ಜಾಕ್ ಹಾಕಿ ಎತ್ತಿ ಒಂದೊಂದು ಮಣೆಯ ಮೇಲೆ ಇಳಿಸಿದರೆ ಕಾರು ಎತ್ತ ಬೇಕಾದರೂ ಸರಿಯುತ್ತದೆ. ಇನ್ನೊಂದು ಬಗೆಯೂ ಇದೆ. ಅದಕ್ಕೆ ಜಾಕ್ ಬೇಡ. ಗಾಲಿಯ ಎರಡೂ ಬದಿಗೆ ಉರುಳೆ ಇಟ್ಟು ಕಾಲಿನಿಂದ ಪೆಡಲ್ ಒತ್ತುತ್ತಾ ಹೋದರೆ ಉರುಳೆಗಳು ಹತ್ತಿರ ಬಂದು ಗಾಲಿಯನ್ನು ಅಮುಕಿ ಮೇಲೆತ್ತುತ್ತವೆ. ನನಗೆ ಅದೇ ಹಿಡಿಸಿತು. ಬೆಲೆ ನೋಡಿದ ಮಾವ, "ಕಾರಿಗೇ ನಾವು ಇಷ್ಟು ಕೊಟ್ಟಿರಲಿಲ್ಲ" ಎಂದರು. ಅದು ಸುಳ್ಳು. ಆದರೆ ಮನೆಯ ಹಿರಿಯರ ಬಾಯಿಂದ ಬಂದ ಅಂಕಿಸಂಖ್ಯೆಯನ್ನು ಪ್ರಶ್ನಿಸುವ ಪದ್ಧತಿ ನಮ್ಮಲ್ಲಿಲ್ಲ.

ಭಾರದ ಲೆಕ್ಕದಲ್ಲೂ ಜಗಳ. 650ನ್ನು ನಾಲ್ಕರಿಂದ ಭಾಗಿಸಿ, ಒಂದಕ್ಕೆ 200 ಕಿಲೋ ತಡೆದರೆ ಧಾರಾಳವಾಯಿತು ಎಂದ ಮೈದುನ. ಮುಂದಿನ ಗಾಲಿಗಳ ಮೇಲೆ ಭಾರ ಹೆಚ್ಚು. ನೆಲ ಒಂದಿಷ್ಟು ಏರುಪೇರಾದರೂ ಒಂದು ಮಣೆಯ ಪಾಲು ಉಳಿದವುಗಳ ತಲೆಗೆ ಬೀಳುತ್ತದೆ. ಹಾಗಾಗಿ ಇಮ್ಮಡಿ ತಡೆಯುವುದನ್ನೇ ತರಿಸು, ಚಕ್ರ ಅಗಲವಾಗಿರಲಿ, ಬ್ರೇಕ್ ಇರಲಿ ಎಂದೆ. "ಅತ್ತಿಗೆ, ನೀವು ರೊಟ್ಟಿಯ ಹೆಂಚನ್ನೂ ಹೀಗೆಯೇ ಆರಿಸುತ್ತೀರಿ" ಎಂದು ನಗುತ್ತಾ ಅಗ್ಗದವನ್ನೇ ತರಿಸಿದ. ಗಟ್ಟಿ ನೈಲಾನಿನ, ಬೆರಳಗಲದ ಚಕ್ರಗಳು. ಬ್ರೇಕ್ ಇಲ್ಲ.

ಇಲ್ಲಿ ನಮ್ಮ ಗ್ಯಾರೇಜಿನ ನೆಲದ ಬಗ್ಗೆ ಹೇಳಲೇಬೇಕು. ಮಳೆಗಾಲದಲ್ಲಿ ಒದ್ದೆ ಟೈರು ಜಾರಬಾರದೆಂದು ಮೇಸ್ತ್ರಿ ಹಸಿ ಸಿಮೆಂಟಿನ ಮೇಲೆ ಹಗ್ಗ ಒತ್ತಿ ಚೌಕಚೌಕವಾಗಿ ಗೆರೆ ಎಳೆದಿದ್ದಾನೆ. ತೊಳೆದ ನೀರು ನಿಲ್ಲಬಾರದೆಂದು ಬಾಗಿಲ ಕಡೆಗೆ ಇಳಿಜಾರು ಕೊಟ್ಟಿದ್ದಾನೆ. ಜಾರದಂತೆ ಒಂದು, ಜಾರಲೆಂದು ಒಂದು. ಎರಡನ್ನೂ ಅಚ್ಚುಕಟ್ಟಾಗಿ ಮಾಡಿದ್ದಾನೆ, ಪುಣ್ಯಾತ್ಮ.

ಕಾರು ಮಣೆಗಳ ಮೇಲೆ ಏರಿತು. ಮಾವ ಸ್ಟೇರಿಂಗ್ ಹಿಡಿದು ಕುಳಿತರು. ಏಕೆಂದು ಯಾರೂ ಕೇಳಲಿಲ್ಲ. ಒಬ್ಬರು "ಎಡಕ್ಕೆ", ಇನ್ನೊಬ್ಬರು "ತಡಿ ತಡಿ", ಬೇಲಿಯಾಚೆಯಿಂದ ನೆರೆಯವರು "ಒಂದು ಚೂರು ಬಲಕ್ಕೆ". ಬೇಲೂರಿನ ತೇರಿಗೂ ಇಷ್ಟು ಜನ ದಾರಿ ಹೇಳುವುದಿಲ್ಲ. ನೂಕಿದರೆ ಕಾರು ಗೇಣುದ್ದ ಹೋಗಿ ನಿಂತಿತು. ಬಗ್ಗಿ ನೋಡಿದರೆ ಒಂದು ಚಕ್ರ ಮೇಸ್ತ್ರಿಯ ಗೆರೆಯೊಳಗೆ ಕುಳಿತಿದೆ, ಇನ್ನೊಂದರ ಮುಂದೆ ಕಡಲೆಯಷ್ಟು ದಪ್ಪದ ಜಲ್ಲಿ ಚೂರು. ಚೆಲ್ಲಿದ್ದ ಕಾಳುಮೆಣಸು ಮಾತ್ರ ಅಡ್ಡಿ ಮಾಡದೆ ಪುಡಿಯಾಗಿ, ಅತ್ತೆಗೆ ಸೀನು ಹತ್ತಿಸಿತು. ಹಿಂದಕ್ಕೆ ಎಳೆಯೋಣವೆಂದರೆ ಈ ಚಕ್ರಗಳಿಗೆ ಇನ್ನೊಂದು ಚಾಳಿ: ದಿಕ್ಕು ಬದಲಾದರೆ ಹದಿನಾರೂ ಮೊದಲು ತಾವು ಸುತ್ತಿ ತಿರುಗಿಕೊಳ್ಳಬೇಕು. ಆ ಗಳಿಗೆಯಲ್ಲಿ ಕಾರು ಸೊಂಟ ಕುಲುಕಿ ಪಕ್ಕಕ್ಕೆ ಎಗರುತ್ತದೆ. ಹಾಗೆ ಎಗರಿದಾಗ ಗೆರೆಯಿಂದ ಮೇಲೆದ್ದು, ಇಳಿಜಾರನ್ನು ಗುರುತಿಸಿ, ನಿಧಾನವಾಗಿ ಬಾಗಿಲ ಕಡೆ ಹೊರಟಿತು.

"ಹ್ಯಾಂಡ್‌ಬ್ರೇಕ್ ಎಳೆಯಿರಿ ಅಪ್ಪಾ!"

ಮಾವ ಎಳೆದರು. ಬಹಳ ವರ್ಷಗಳ ನಂತರ ಸಿಕ್ಕ ಅವಕಾಶ, ಜೋರಾಗಿಯೇ ಎಳೆದರು. ಬ್ರೇಕ್ ಚೆನ್ನಾಗಿ ಹಿಡಿದು ಗಾಲಿಗಳು ಕದಲದೆ ನಿಂತವು. ಗಾಲಿಗಳ ಕೆಳಗಿನ ಮಣೆಗಳು ಮಾತ್ರ ಕಾರನ್ನು ಹೊತ್ತುಕೊಂಡು ಅಂಗಳಕ್ಕೆ ಹೊರಟೇ ಇದ್ದವು. ಬಾಗಿಲ ಬಳಿ ಪೇರಿಸಿದ್ದ ಮೂಟೆಗಳು ಇಲ್ಲದಿದ್ದರೆ ಮಾವನ ಸವಾರಿ ಕಣದವರೆಗೂ ಹೋಗುತ್ತಿತ್ತು. ಮೂಟೆಗೆ ಮೆತ್ತಗೆ ಒರಗಿ ಕಾರು ನಿಂತಾಗ ಅವರ ಮುಖದಲ್ಲಿ ಭಯವಿರಲಿಲ್ಲ. "ನೋಡಿದಿರಾ, ಗಾಡಿ ಇನ್ನೂ ಎಷ್ಟು ಸಲೀಸಾಗಿ ಓಡುತ್ತದೆ!" ಎಂದರು.

ಎರಡನೆಯ ಜೊತೆ ಡಾಲಿಗಳನ್ನು ನಾನೇ ಆರಿಸಿದೆ. ಒಂದೊಂದು 450 ಕಿಲೋ ತಡೆಯುವಂಥದ್ದು, ಚಕ್ರಗಳು ಪಾಲಿಯುರೆಥೇನಿನವು, ಕಾಲಿನಿಂದ ಒತ್ತಿದರೆ ಕಚ್ಚಿಕೊಳ್ಳುವ ಬ್ರೇಕು. ಗೆರೆಗಳ ಮೇಲೆ ದಪ್ಪ ಪ್ಲೈವುಡ್ ಹಲಗೆ ಹಾಸಿದೆವು. ಇಳಿಜಾರಿನ ಕಡೆ ಮರದ ತುಂಡುಗಳನ್ನು ಅಡ್ಡ ಇಟ್ಟೆವು. ಪೊರಕೆ ಹಿಡಿದು ನೆಲ ಗುಡಿಸುವ ಕೆಲಸ ಮೈದುನನಿಗೆ. ಮಾವನನ್ನು ಒಳಗೆ ಕೂರಲು ಬಿಡಲಿಲ್ಲ. ನಾನೂ ಅತ್ತೆಯೂ ನೂಕಿದೆವು, ಕಾರು ತುಟಿಪಿಟಕ್ಕೆನ್ನದೆ ಬಲಗೋಡೆಗೆ ಹೋಗಿ ಅಂಟಿಕೊಂಡಿತು. ತೆರವಾದ ಜಾಗದಲ್ಲಿ ಸಂಜೆಯೊಳಗೆ ಮೂಟೆಗಳು ಎದೆಯೆತ್ತರಕ್ಕೆ ಬಂದವು.

ಮರುದಿನ ಬೆಳಿಗ್ಗೆ ಪತ್ರಿಕೆ ಹಿಡಿದು ಬಂದ ಮಾವ ಗ್ಯಾರೇಜಿನಲ್ಲಿ ನಿಂತೇ ಇದ್ದರು. ಸ್ಟೇರಿಂಗ್ ಕಡೆಯ ಬಾಗಿಲು ಗೋಡೆಗೆ ತಾಗಿ ಅಂಗುಲವೂ ತೆರೆಯುವುದಿಲ್ಲ. ಎಡಬಾಗಿಲಿನಿಂದ ನುಗ್ಗಿ ಗೇರಿನ ಕೋಲು ದಾಟೋಣವೆಂದರೆ ಮಂಡಿನೋವು.

"ಸ್ವಲ್ಪ ಈಚೆ ಎಳೆಯಬಹುದಲ್ಲವೇನಮ್ಮ?"

"ಎಳೆಯಬಹುದು ಮಾವ. ಮೂಟೆ ಖಾಲಿಯಾಗಬೇಕು. ನಾಳೆಯೇ ಚೆರ್ರಿ ಕೊಟ್ಟುಬಿಟ್ಟರೆ..."

ಮಾವ ಮೂಟೆಗಳನ್ನು ನೋಡಿದರು, ಸ್ಟೇರಿಂಗನ್ನು ನೋಡಿದರು. ಆಮೇಲೆ ಎಡಗಡೆಯ ಸೀಟಿನಲ್ಲಿ ಕುಳಿತು ಪತ್ರಿಕೆ ಬಿಡಿಸಿದರು.

"ಬೇಡ," ಎಂದರು. "ದರ ಇನ್ನೂ ಏರುತ್ತದೆ."