ಈಗ ಒಣಗಲು ಬಿಡಿ

ವಾಟರ್ ಕಲರ್ ಕಲಿಸುವ ವೀಡಿಯೊಗಳಲ್ಲಿ ಎಲ್ಲರೂ ಒಂದು ಮಾತನ್ನು ಬಹಳ ಸಲೀಸಾಗಿ ಹೇಳಿಬಿಡುತ್ತಾರೆ: 'ಈಗ ಇದನ್ನು ಒಣಗಲು ಬಿಡಿ.' ಮರುಕ್ಷಣವೇ ಕಾಗದ ಒಣಗಿ ಗರಿಗರಿ ಎನ್ನುತ್ತಿರುತ್ತದೆ. ಇವರಲ್ಲಿ ಒಬ್ಬರೂ ಜುಲೈ ತಿಂಗಳಲ್ಲಿ ಡೊಂಬಿವ್ಲಿಯಲ್ಲಿ ಸಂಸಾರ ಮಾಡಿದವರಲ್ಲ.

ಮುಂಬೈಗೆ ಮಳೆಗಾಲ ಬರುವುದು, ಹವಾಮಾನ ಇಲಾಖೆಯ ಲೆಕ್ಕದಲ್ಲಿ, ಜೂನ್ 11ಕ್ಕೆ. ಜುಲೈ ಒಂದರಲ್ಲೇ ಸಾಂತಾಕ್ರೂಜ್‌ನಲ್ಲಿ ಸರಾಸರಿ 800 ಮಿ.ಮೀ.ಗಿಂತ ಜಾಸ್ತಿ ಸುರಿಯುತ್ತದೆ. ನಮ್ಮ ಕಡೆಯೂ ಅದಕ್ಕೇನೂ ಕಮ್ಮಿ ಅನ್ನಿಸುವುದಿಲ್ಲ. ಒಗೆದ ಟವೆಲ್ ಒಣಗುವುದರೊಳಗೆ ವಾಸನೆ ಬಂದು ಮತ್ತೆ ಬಕೆಟ್‌ಗೆ ಬೀಳುತ್ತದೆ. ಇಂಥ ಹೊತ್ತಿನಲ್ಲೇ ನಮ್ಮ ಕನ್ನಡ ಸಂಘದ ಮಹಿಳಾ ವಿಭಾಗಕ್ಕೆ ಚೌತಿಯ ಸ್ಟಾಲ್‌ನ ಯೋಚನೆ ಬಂತು. ಚಕ್ಕುಲಿ, ಉಂಡೆಗೆಲ್ಲ ಆಗಲೇ ಜನ ಹೆಸರು ಕೊಟ್ಟಾಗಿತ್ತು. ಉಳಿದದ್ದು ಕೈಯಲ್ಲಿ ಮಾಡಿದ ಕಾರ್ಡು. "ನಿಮಗೆ ಹೇಗೂ ರಂಗೋಲಿ ಬರ್ತದಲ್ವಾ" ಎಂದು ನನ್ನ ತಲೆಗೆ ಕಟ್ಟಿದರು. ರಂಗೋಲಿ ಪುಡಿಯನ್ನು ಯಾರೂ ಒಣಗಿಸಬೇಕಾಗಿಲ್ಲ ಎಂಬುದು ಆಗ ಯಾರಿಗೂ ಹೊಳೆಯಲಿಲ್ಲ.

ಕಾಗದಕ್ಕೆ ಮಾತ್ರ ಜಿಪುಣತನ ಮಾಡಲಿಲ್ಲ. 300 ಜಿಎಸ್‌ಎಂ, ಪೂರ್ತಿ ಹತ್ತಿಯದು. ಅಂದರೆ ಒಂದು ಚದರ ಮೀಟರ್ ಕಾಗದ 300 ಗ್ರಾಂ ತೂಗುತ್ತದೆ. ತೆಳು ಕಾಗದಕ್ಕೆ ನೀರು ಬಿದ್ದರೆ ಎಣ್ಣೆಗೆ ಬಿಟ್ಟ ಹಪ್ಪಳದಂತೆ ಸೊಟ್ಟಗಾಗುತ್ತದೆ. ಇದು ಹಾಗಲ್ಲ, ನೀರು ಕುಡಿದು ಗಂಭೀರವಾಗಿ ಕೂತಿರುತ್ತದೆ. ನಮ್ಮನೆಯಲ್ಲಿ ಅದು ಕುಡಿಯಿತು, ಕೂತಿತು, ಕೂತೇ ಇತ್ತು.

ಮೊದಲ ಗಣಪತಿಗೆ ಮಾಸ್ಕಿಂಗ್ ಫ್ಲೂಯಿಡ್ ಬಳಸಿದೆ. ಇದು ಅಮೋನಿಯ ಸೇರಿಸಿದ ದ್ರವ ರಬ್ಬರು. ಎಲ್ಲಿ ಬಿಳಿ ಉಳಿಯಬೇಕೋ ಅಲ್ಲಿ ಹಚ್ಚಿ, ಮೇಲೆ ಬಣ್ಣ ಬಳಿದು, ಎಲ್ಲ ಒಣಗಿದ ಮೇಲೆ ಬೆರಳಲ್ಲಿ ಉಜ್ಜಿ ತೆಗೆಯಬೇಕು. ನಾನು ದಂತಕ್ಕೆ ಹಚ್ಚಿದ್ದೆ. ಮರುದಿನ ಮೇಲ್ಗಡೆ ಮುಟ್ಟಿ ನೋಡಿದರೆ ಒಣಗಿದ ಹಾಗೇ ಇತ್ತು. ಒಳಗಡೆ ಕಾಗದ ಇನ್ನೂ ಹಸಿ. ಉಜ್ಜಿದ್ದೇ ತಡ, ರಬ್ಬರಿನ ಜೊತೆ ಕಾಗದದ ಪದರವೂ ಎದ್ದು ಬಂತು. ಪಾಪ, ಮೊದಲೇ ಏಕದಂತ. ಇದ್ದ ಒಂದೂ ಹೋಯಿತು.

ಆಮೇಲೆ ಉಪ್ಪಿನ ಸರದಿ. ವಾಟರ್ ಕಲರ್‌ನಲ್ಲಿ ಇದಕ್ಕಿಂತ ಚಂದದ ಆಟ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಕಾಗದಕ್ಕೆ ಕಡು ನೀಲಿ ಬಳಿದು, ನೀರಿನ ಹೊಳಪು ಇನ್ನೇನು ಮಾಸುತ್ತದೆ ಎನ್ನುವಾಗ ಮೇಲೆ ಉಪ್ಪು ಉದುರಿಸಬೇಕು. ಒಂದೊಂದು ಹರಳೂ ಸುತ್ತಲಿನ ನೀರನ್ನೂ ಬಣ್ಣವನ್ನೂ ತನ್ನ ಕಡೆ ಎಳೆದುಕೊಳ್ಳುತ್ತದೆ. ಸುತ್ತ ಬಿಳಿಚಿಕೊಂಡ ಪುಟ್ಟ ಪುಟ್ಟ ನಕ್ಷತ್ರಗಳು ಮೂಡುತ್ತವೆ. ಒಣಗಿದ ಮೇಲೆ ಉಪ್ಪನ್ನು ಕೊಡವಿದರೆ ಚೌತಿಯ ರಾತ್ರಿಯ ಆಕಾಶ ತಯಾರು. ಚಂದ್ರನನ್ನು ಬೇಕೆಂದೇ ಬಿಟ್ಟೆ. ಕಾರ್ಡು ಕೊಂಡವರಿಗೆ ಸುಮ್ನೆ ಅಪವಾದ ಯಾಕೆ?

ಕಲ್ಲುಪ್ಪಿಗೆಂದು ಭರಣಿಗೆ ಕೈ ಹಾಕಿದಾಗ ಅತ್ತೆ ಬಂದರು.

"ಎಂತ, ಉಪ್ಪಿನಕಾಯಿಯಾ?"

"ಅಲ್ಲ ಅತ್ತೆ, ಆಕಾಶ."

ಅವರು ಬಗ್ಗಿ ನೋಡಿದರು. "ಮಳೆಗಾಲದಲ್ಲಿ ಉಪ್ಪು ಹೊರಗೆ ಇಟ್ಟರೆ ನೀರಾಗ್ತದೆ" ಎಂದಷ್ಟೇ ಹೇಳಿ ಒಳಗೆ ಹೋದರು.

ಅತ್ತೆ ರಸಾಯನಶಾಸ್ತ್ರ ಓದಿದವರಲ್ಲ. ಆದರೆ ಶಾಸ್ತ್ರ ಹೇಳುವುದೂ ಅದನ್ನೇ. ಗಾಳಿಯ ತೇವಾಂಶ ಶೇ. 75 ದಾಟಿದರೆ ಅಡುಗೆ ಉಪ್ಪು ಗಾಳಿಯಿಂದಲೇ ನೀರು ಹೀರಿ ಕರಗುತ್ತದೆ. ನಮ್ಮ ಜುಲೈನಲ್ಲಿ 75ಕ್ಕೆ ಇಳಿದರೆ ಅದೇ ಹಬ್ಬ. ಬೆಳಿಗ್ಗೆ ಎದ್ದು ನೋಡಿದರೆ ನಕ್ಷತ್ರ ಇದ್ದಲ್ಲೆಲ್ಲ ನೀಲಿ ಉಪ್ಪುನೀರಿನ ಗುಂಡಿಗಳು. ಥೇಟ್ ನಮ್ಮ ಸ್ಟೇಷನ್ ರೋಡು.

ಇನ್ನು ಇರುವೆಗಳ ಕತೆ. ವಾಟರ್ ಕಲರ್‌ನಲ್ಲಿ ಬಣ್ಣದ ಪುಡಿಯನ್ನು ಹಿಡಿದಿಡುವುದು ಗೋಂದು. ಬಣ್ಣ ಬಿರುಕು ಬಿಡದಿರಲಿ ಎಂದು ಕೆಲವು ಕಂಪನಿಗಳು ಜೇನನ್ನೂ ಸೇರಿಸುತ್ತವೆ. ನಾನು ದುಡ್ಡು ಸುರಿದು ತಂದದ್ದು ಅಂಥದ್ದೇ. ಮಳೆಗಾಲದಲ್ಲಿ ಜೇನಿನ ಬಣ್ಣ ಡಬ್ಬಿಯಲ್ಲೂ ಅಂಟಂಟಾಗಿಯೇ ಇರುತ್ತದೆ. ಒಂದು ಮಧ್ಯಾಹ್ನ ಮುಚ್ಚಳ ತೆಗೆದರೆ ಕಟ್ಟೆಯಿಂದ ಡಬ್ಬಿಯವರೆಗೆ ಶಿಸ್ತಿನ ಸಾಲು. ಕೆಂಪು, ಹಸಿರನ್ನು ಮೂಸಿಯೂ ನೋಡಿರಲಿಲ್ಲ. ಎಲ್ಲವೂ ಹಳದಿಗೇ ಮುತ್ತಿದ್ದವು. ಯಾಕೋ, ಅವಕ್ಕೇ ಗೊತ್ತು.

ಕೊನೆಗೆ ಕೈ ಹಿಡಿದದ್ದು 2020ರ ಸ್ಯಾನಿಟೈಜರ್. ಕೊರೊನಾ ಕಾಲದಲ್ಲಿ ತಂದ ಬಾಟಲಿಗಳು ಇನ್ನೂ ಅಟ್ಟದ ಮೇಲಿದ್ದವು. ಹಸಿ ಬಣ್ಣದ ಮೇಲೆ ಆಲ್ಕೋಹಾಲಿನ ಹನಿ ಬಿದ್ದರೆ ಬಣ್ಣ ಬೆದರಿದಂತೆ ಸುತ್ತಲೂ ಸರಿದು ದುಂಡನೆಯ ಬಿಳಿ ಗುರುತು ಬೀಳುತ್ತದೆ. ಗಾಳಿಯ ತೇವಕ್ಕೆ ಅದು ಕರಗುವಂಥದ್ದಲ್ಲ. ಗುರುತು ಮೂಡಿತು, ಕಾರ್ಡು ಮಾತ್ರ ಒಣಗಲಿಲ್ಲ. ಫ್ಯಾನ್ ಜೋರು ಮಾಡಿದರೆ ಬಣ್ಣವೆಲ್ಲ ಒಂದು ಮೂಲೆಗೆ ಹೋಯಿತು. ಹಾಗಾಗಿ ಹಾಲ್‌ನಲ್ಲಿ ಎಲ್ಲರ ಬಟ್ಟೆ ನೇತಾಡುವ ಹಗ್ಗಕ್ಕೇ ಕಾರ್ಡುಗಳನ್ನೂ ಕ್ಲಿಪ್ ಹಾಕಿ ನೇತುಹಾಕಿದೆ.

ಮೇಲಿನ ಹಗ್ಗದಲ್ಲಿ ನಮ್ಮೆಜಮಾನರ ಬನಿಯನ್ ಇತ್ತು. ಅವರು ಬಟ್ಟೆ ಹಿಂಡುವುದು ಬಟ್ಟೆಗೆ ನೋವಾಗದ ಹಾಗೆ. ರಾತ್ರಿಯಿಡೀ ಅದರಿಂದ ನಿಧಾನಕ್ಕೆ ಹನಿ ಬಿದ್ದಿದೆ, ಅದೂ ಅರೆಬರೆ ಒಣಗಿದ ಕೇಸರಿ ಬಣ್ಣದ ಮೇಲೆ. ಅರೆ ಒಣಗಿದ ಕಡೆ ಹೊಸ ನೀರು ಬಿದ್ದರೆ ಅದು ಬಣ್ಣವನ್ನು ಹೊರಕ್ಕೆ ತಳ್ಳುತ್ತದೆ. ಅಂಚಿನಲ್ಲಿ ಸುಕ್ಕು ಸುಕ್ಕಾದ ಗೆರೆಯೊಂದು ಕಟ್ಟುತ್ತದೆ, ಹೂಕೋಸಿನ ಅಂಚಿನಂಥದ್ದು. ಗಣಪತಿಯ ತಲೆಯ ಹಿಂದೆ ಒಂದರ ಮೇಲೊಂದು ಇಂಥ ಸುತ್ತುಗಳು ಮೂಡಿದ್ದವು.

ಸ್ಟಾಲ್‌ನಲ್ಲಿ ಮಾಟುಂಗಾದಿಂದ ಬಂದಿದ್ದ ಹಿರಿಯರೊಬ್ಬರು ಕನ್ನಡಕ ಮೇಲೇರಿಸಿ ಆ ಕಾರ್ಡನ್ನೇ ಎತ್ತಿಕೊಂಡರು. "ಪ್ರಭಾವಳಿ ಭಾರೀ ಲಾಯ್ಕಾಗಿದೆ. ಹೇಗೆ ಮಾಡಿದ್ದಮ್ಮ?"

"ವೆಟ್ ಟೆಕ್ನಿಕ್ ಸರ್" ಎಂದೆ. ಸುಳ್ಳೇನಲ್ಲ.

ದೀಪಾವಳಿಗೆ ಇದೇ ಥರದ್ದು ಒಂದು ಕಟ್ಟು ಬೇಕು ಎಂದು ಮುಂಗಡ ಕೊಟ್ಟು ಹೋದರು. ಅಷ್ಟು ಹೊತ್ತಿಗೆ ಮಳೆ ನಿಂತು, ಬಟ್ಟೆಯೆಲ್ಲ ಬಾಲ್ಕನಿಗೆ ಹೋಗಿ ಗಂಟೆಯೊಳಗೆ ಒಣಗಿಬಿಡುತ್ತದೆ. ಈಗಲೇ ಹೇಳಿಟ್ಟಿದ್ದೇನೆ: "ರೀ, ಅಕ್ಟೋಬರ್‌ನಲ್ಲಿ ನಿಮ್ಮ ಬನಿಯನ್ ಹಾಲ್‌ನಲ್ಲೇ ಒಣಗಬೇಕು. ಹಿಂಡಬೇಡಿ."

"ಯಾವತ್ತು ಹಿಂಡಿದ್ದೇನೆ ಮಾರಾಯ್ತಿ" ಎಂದರು.