ಎಸ್‌ಒಎಸ್ ಇರಲಿ, ದಿನವಿಡೀ ಹಿಂಬಾಲಿಸುವುದು ಬೇಡ

ಇಂಟರ್ನೆಟ್ ಜೋಡಣೆ ಇರುವ (ಕನೆಕ್ಟೆಡ್) ಕಾರಿನಲ್ಲಿ ಆಪತ್ತು ಬಂದಾಗ ಒತ್ತಿ ಸಹಾಯ ಕರೆಯುವ ಎಸ್‌ಒಎಸ್ ಬಟನ್ ಜೀವ ಉಳಿಸುತ್ತದೆ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಒಪ್ಪುತ್ತೇನೆ. ರಾತ್ರಿ ಹೊತ್ತು ಪುಣೆಯಿಂದ ಬೆಳಗಾವಿಗೆ ಹೊರಟು ಖಂಬಾಟಕಿ ಘಾಟ್ ದಾಟುವ ನಮ್ಮಂಥವರಿಗೆ ಅದೊಂದು ಧೈರ್ಯ. ಆದರೆ ಅಪಘಾತವಾದಾಗ ಬೇಕಾದ ಲೊಕೇಶನ್ ದಿನವಿಡೀ ಕಂಪನಿಗೆ ಯಾಕೆ ಹೋಗಬೇಕು? ಗಾಡಿ ಎಲ್ಲಿ ಹೋಯಿತು, ಎಷ್ಟು ಸಲ ಗಕ್ಕನೆ ಬ್ರೇಕ್ ಬಿತ್ತು ಅನ್ನೋ ಮಾಹಿತಿಯನ್ನೆಲ್ಲ ಕಾರು ಕಂಪನಿ ಜನರಲ್ ಮೋಟರ್ಸ್ ಸರಿಯಾಗಿ ಒಪ್ಪಿಗೆ ಕೇಳದೆ ಮಾರಿದೆ ಅಂತ ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆ ಎಫ್‌ಟಿಸಿ 2025ರಲ್ಲಿ ಆರೋಪ ಹೊರಿಸಿತು.

ನಮ್ಮಲ್ಲಿ ಸೆಕೆಂಡ್ ಹ್ಯಾಂಡ್ ಗಾಡಿಗಳದ್ದು ಇನ್ನೂ ದೊಡ್ಡ ತಲೆನೋವು. ಪುಣೆಯ ಕೋಥ್ರೂಡ್‌ನಲ್ಲಿ ಪಕ್ಕದ ಮನೆಯ ಅಕ್ಕ ಕೊಂಡ ಕಾರು ಹಳೇ ಓನರ್ ಮೊಬೈಲಿನಲ್ಲಿ ತಿಂಗಳುಗಟ್ಟಲೆ ಕಾಣಿಸುತ್ತಲೇ ಇತ್ತು. ಆರ್‌ಸಿ ಇವರ ಹೆಸರಿಗೆ ಬಂದಿತ್ತು, ಗಾಡಿ ಎಲ್ಲಿದೆ ಅಂತ ತೋರಿಸುವ ಆ್ಯಪ್ ಮಾತ್ರ ಬಂದಿರಲಿಲ್ಲ. ಒಬ್ಬಳೇ ಓಡಾಡುವ ಹೆಣ್ಣುಮಗಳ ಗಾಡಿ ಎಲ್ಲಿ ನಿಂತಿದೆ ಅಂತ ಗುರುತಿಲ್ಲದವನಿಗೆ ಗೊತ್ತಾಗೋದು ಭಯದ ವಿಷಯ ಅಲ್ವಾ? ಹಳೇ ಗಾಡಿ ಕೊಳ್ಳುವವರು ಟೈರ್, ಇಂಜಿನ್ ನೋಡಿದ ಹಾಗೆ ಇದನ್ನೂ ನೋಡಿ. ಆ್ಯಪ್‌ನಲ್ಲಿರುವ ಹಳೇ ಓನರ್ ಅಕೌಂಟ್ ತೆಗೆಸದೆ ಪೂರ್ತಿ ದುಡ್ಡು ಕೊಡಬೇಡಿ.

ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಕೇಸಿನಲ್ಲಿ. ಹಕ್ಕು ಅಂದ ಮೇಲೆ ಟ್ರ್ಯಾಕಿಂಗ್ ಆಫ್ ಮಾಡುವ ಆಯ್ಕೆ ಕಾರಿನ ಸ್ಕ್ರೀನ್ ಮೇಲೇ ಸಿಗಬೇಕು, ಅದೂ ನಮ್ಮ ಭಾಷೆಯಲ್ಲಿ.