ಕಲಬುರಗಿಗೆ ಸೇಬು ಬಂತಂತೆ. ಹೆಸರುಕಾಳು ಎಲ್ಲಿಗೆ ಹೋಯಿತು?

ಬೆಳಗಿನಿಂದ ಒಂದೇ ವಿಡಿಯೊ ಐದು ಗ್ರೂಪಿನಲ್ಲಿ ಬಂದಿದೆ. ನಮ್ಮ ಕಡೆಯ ಹೊಲದಲ್ಲಿ ಸೇಬಿನ ಗಿಡ, ಗಿಡದ ತುಂಬ ಹಣ್ಣು, ಹಿಂದೆ ಢಂಢಂ ಸಂಗೀತ, ಕೆಳಗೆ ದಪ್ಪಕ್ಷರ: ‘ಹವಾಮಾನ ಬದಲಾವಣೆಯ ಕೃಪೆ! ಬಿಸಿಲ ನಾಡು ಇನ್ನು ಕಾಶ್ಮೀರ!’ ಎಲ್ಲರೂ ಕೈ ಮುಗಿದ ಚಿತ್ರ ಹಾಕಿದ್ದೇ ಹಾಕಿದ್ದು. ಸುಳ್ಳು ಯಾಕೆ, ಆ ಹಣ್ಣು ನೋಡಿ ನನ್ನ ಬಾಯಲ್ಲೂ ನೀರು ಬಂತು. ಕೆಳಗಿನ ಸಾಲು ಓದಿದ ಮೇಲೆ ಮಾತ್ರ ತಲೆ ಕೆಟ್ಟಿತು.

ನೋಡ್ರಿ, ಸೇಬಿಗೆ ಚಳಿ ಬೇಕು. ಚಳಿ ಅಂದರೆ ಸ್ವೆಟರ್ ಹಾಕುವಷ್ಟು ಅಲ್ಲ, ಲೆಕ್ಕದ ಚಳಿ. ಹಿಮಾಚಲ, ಕಾಶ್ಮೀರದ ಹಳೆಯ ಡೆಲಿಷಿಯಸ್ ತಳಿಗಳ ಮೊಗ್ಗು ಒಡೆಯಬೇಕಾದರೆ 7 ಡಿಗ್ರಿಗಿಂತ ಕೆಳಗೆ ಸುಮಾರು 1,000 ಗಂಟೆಯಾದರೂ ಕಳೆಯಬೇಕು. ನಮ್ಮಲ್ಲಿ ಅಂಥ ಗಂಟೆ ಎಷ್ಟು? ಬೀದರ್‌ನಲ್ಲಿ ಕೆಲವು ರಾತ್ರಿ 10 ಡಿಗ್ರಿ ಕೆಳಗಿಳಿದರೆ ಅದೇ ಸುದ್ದಿ. ಹೀಗಿರುವಾಗ ನೆಲ ಬಿಸಿಯಾದಷ್ಟೂ ಸೇಬು ನಮ್ಮಿಂದ ದೂರ ಓಡಬೇಕಲ್ಲ, ಹತ್ತಿರ ಬರುವುದು ಎಲ್ಲಿಂದ?

ಬಂದದ್ದು ಹವಾಮಾನದಿಂದಲ್ಲ, ತಳಿಯಿಂದ. ಅನ್ನಾ ಎಂಬುದು ಇಸ್ರೇಲಿನಲ್ಲಿ ಬೆಳೆಸಿದ ತಳಿ, ಡಾರ್ಸೆಟ್ ಗೋಲ್ಡನ್ ಬಹಾಮಾಸ್‌ನಲ್ಲಿ ಸಿಕ್ಕಿದ್ದು, ಎಚ್‌ಆರ್‌ಎಂಎನ್-99 ಹಿಮಾಚಲದ ಬಿಲಾಸಪುರದ ರೈತ ಹರಿಮನ್ ಶರ್ಮಾ ಕೆಳಗಿನ ಬಿಸಿ ಪ್ರದೇಶದಲ್ಲಿ ಬೆಳೆದು ತೋರಿಸಿದ್ದು. ಮೂರಕ್ಕೂ ಚಳಿಯ ಹಸಿವು ಕಡಿಮೆ. ಅಷ್ಟಾದರೂ ಗಿಡ ತಾನಾಗಿ ಮಲಗುವುದಿಲ್ಲ, ಮಲಗಿಸಬೇಕು. ಡಿಸೆಂಬರ್‌ನಲ್ಲಿ ಮೂರ್ನಾಲ್ಕು ವಾರ ನೀರು ಬಿಗಿಹಿಡಿದು, ಎಲೆಗಳನ್ನು ಕೈಯಿಂದ ಕಿತ್ತು, ಕೊಂಬೆ ಸವರಿ ಚಾಟಣಿ ಮಾಡಿ, ಆಮೇಲೆ ಗೊಬ್ಬರ-ನೀರು ಕೊಟ್ಟು ಎಬ್ಬಿಸಬೇಕು. ಎಲೆ ಕಿತ್ತು ಎಬ್ಬಿಸುವ ಈ ಉಪಾಯ ಜಾವಾದ ಮಲಾಂಗ್ ಕಡೆಯವರಿಗೆ ಎಷ್ಟೋ ಕಾಲದಿಂದ ಗೊತ್ತು. ಇಷ್ಟು ಮಾಡಿದರೆ ಕಾಯಿ ಬಲಿಯುವುದು ಯಾವಾಗ? ಏಪ್ರಿಲ್-ಮೇನಲ್ಲಿ, 42 ಡಿಗ್ರಿಯಲ್ಲಿ. ಬಿಸಿಲಿಗೆ ಬಿದ್ದ ಮಗ್ಗುಲು ಸುಟ್ಟು ಕಂದಾಗುತ್ತದೆ. ಕೆಂಪು ಬಣ್ಣ ಕೂರಲು ತಂಪು ರಾತ್ರಿ ಬೇಕು, ಅದಿಲ್ಲದೆ ಹಣ್ಣು ಪೇಲವ. ನೆರಳು ಪರದೆ ಬೇಕು, ಹನಿ ನೀರಾವರಿ ಬೇಕು. ಎರಿ, ಅಂದರೆ ಕಪ್ಪು ಮಣ್ಣಿನ ಭೂಮಿಯಾದರೆ ಮಳೆಗಾಲದಲ್ಲಿ ನೀರು ನಿಂತು ಬೇರು ಕೊಳೆಯದಂತೆ ಏರುಮಡಿ ಬೇಕು. ಇದು ರೈತನ ಹಟ, ಅವನಿಗೆ ನನ್ನ ಪೂರ್ತಿ ಸಲಾಂ. ಕೃಪೆ ಗಿಪೆ ಏನೂ ಇಲ್ಲ.

ನಿಜವಾಗಿ ಸೇಬು ಸರಿಯುತ್ತಿರುವುದು ಹಿಮಾಚಲದಲ್ಲಿ. ಕುಲ್ಲುವಿನ ಕೆಳಗಿನ ತೋಟಗಳು ಚಳಿ ಸಾಲದೆ ದಾಳಿಂಬೆ, ಕಿವಿ ಕಡೆ ಹೊರಳಿವೆ. ಸೇಬು ಕಿನ್ನೌರ್, ಲಾಹೌಲ್-ಸ್ಪಿತಿಯ ಎತ್ತರ ಹತ್ತುತ್ತಿದೆ. ಕಾಡಿನ ಜೀವಿಗಳದ್ದೂ ಇದೇ ಪಾಡು. 2011ರಲ್ಲಿ ಬಂದ ಒಂದು ದೊಡ್ಡ ಲೆಕ್ಕಾಚಾರದ ಪ್ರಕಾರ ಗಿಡ-ಪ್ರಾಣಿಗಳು 10 ವರ್ಷಕ್ಕೆ ಸುಮಾರು 17 ಕಿ.ಮೀ. ಧ್ರುವದ ಕಡೆಗೆ, ಸುಮಾರು 11 ಮೀಟರ್ ಎತ್ತರಕ್ಕೆ ಸರಿಯುತ್ತಿವೆ. ಬೆಟ್ಟ ಇದ್ದವರಿಗೆ ಮೆಟ್ಟಿಲಿದೆ. ಒಂದು ಡಿಗ್ರಿ ತಂಪಿಗೆ 150 ಮೀಟರ್ ಹತ್ತಿದರೆ ಸಾಕು.

ನಮಗೆಲ್ಲಿದೆ ಮೆಟ್ಟಿಲು? ಅಫಜಲಪುರದಿಂದ ಯಾದಗಿರಿವರೆಗೆ ರೊಟ್ಟಿ ತಟ್ಟಿದಂತೆ ಸಪಾಟು. ‘ಉತ್ತರಕ್ಕೆ ಸರಿಯುತ್ತವೆ’ ಎನ್ನುವ ಪುಸ್ತಕದ ಮಾತು ಇಲ್ಲಿ ಉಲ್ಟಾ. ಮೇನಲ್ಲಿ ಕಲಬುರಗಿಯಿಂದ ಉತ್ತರಕ್ಕೆ ಹೊರಟರೆ ಸಿಗುವುದು ನಾಂದೇಡ, ನಾಗಪುರ. ತಂಪು ಹುಡುಕಿಕೊಂಡು ನಾಗಪುರಕ್ಕೆ ಹೋಗುವ ಬೆಳೆ ಯಾವುದು, ಹೇಳಿ. ಹತ್ತಿರದ ಎತ್ತರ ಅಂದರೆ ಬೀದರ್, ನಮಗಿಂತ 200 ಮೀಟರ್ ಮೇಲೆ, ಒಂದು ಡಿಗ್ರಿ ಚಿಲ್ಲರೆ ತಂಪು. ತೊಗರಿ ಹೊತ್ತುಕೊಂಡು ಅಲ್ಲಿಗೆ ಹೋಗೋಣವೇ? ಬೀದರ್-ಹುಮನಾಬಾದ್ ಗುಡ್ಡದ ಮೇಲಿನ ಬಹಳಷ್ಟು ನೆಲ ಕೆಂಪು ಜಂಬಿಟ್ಟಿಗೆ, ಎರಿಯಂತೆ ತಿಂಗಳುಗಟ್ಟಲೆ ತೇವ ಹಿಡಿದಿಡುವುದಿಲ್ಲ. ಬಿಸಿ ಸರಿಯುತ್ತದೆ ಸ್ವಾಮಿ, ಮಣ್ಣು ಸರಿಯುವುದಿಲ್ಲ. ಈ ವಿಡಿಯೊ ಮಾಡುವವರ ತಲೆಗೆ ಇದೊಂದು ಹೋಗುವುದೇ ಇಲ್ಲ.

ಸರಿಯದ ಇನ್ನೊಂದು ಇದೆ: ಹಗಲು. ನಮ್ಮ ಅಕ್ಷಾಂಶದಲ್ಲಿ ಜೂನ್ ಕೊನೆಗೆ ಹಗಲು 13 ಗಂಟೆ, ಡಿಸೆಂಬರ್ ಕೊನೆಗೆ 11 ಗಂಟೆ ಚಿಲ್ಲರೆ. ಭೂಮಿ ಎಷ್ಟೇ ಕಾಯಲಿ, ಇದು ಬದಲಾಗದು. ತೊಗರಿ ನೋಡುವ ಗಡಿಯಾರ ಇದೇ. ನಾವು ಬೆಳೆಯುವ ಮಧ್ಯಮಾವಧಿ ತೊಗರಿ ಹಗಲು ಗಿಡ್ಡಾಗುತ್ತಿದ್ದಂತೆ ಹೂವಿಗೆ ತಿರುಗುತ್ತದೆ. ಮಿರಗದ ಮಳೆಗೆ, ಅಂದರೆ ಜೂನ್ ಮೊದಲಾರ್ಧಕ್ಕೆ, ಬಿತ್ತಿದರೆ ಗಿಡಕ್ಕೆ ಮೈ ತುಂಬಿಕೊಳ್ಳಲು ನಾಲ್ಕು ತಿಂಗಳು. ಮಳೆ ಕೈಕೊಟ್ಟು ಆಗಸ್ಟ್ ಮೊದಲ ವಾರಕ್ಕೆ ಬಿತ್ತಿದರೂ ಅದು ಎರಡು ತಿಂಗಳು ತಡವಾಗಿ ಹೂಬಿಡುವುದಿಲ್ಲ. ಮೊಣಕಾಲುದ್ದ ಇದ್ದಾಗಲೇ, ಕವಲೇ ಒಡೆಯದೆ ಹೂ ಕಟ್ಟುತ್ತದೆ. ರೈತ ‘ಬೀಜ ಖೊಟ್ಟಿ’ ಎಂದು ಅಂಗಡಿಯವನ ಮೇಲೆ ಹರಿಹಾಯುತ್ತಾನೆ. ಬೀಜ ಸರಿಯಾಗೇ ಇದೆ, ದಾರಿ ತಪ್ಪಿದ್ದು ಮಳೆ.

ಈಗ ಹೆಸರುಕಾಳಿನ ಕಥೆ. ಹೆಸರು 65-70 ದಿನದ ಬೆಳೆ. ಜೂನ್ ಮೊದಲಾರ್ಧಕ್ಕೆ ಬಿತ್ತಿದರೆ ಆಗಸ್ಟ್ ಮೂರನೇ ವಾರಕ್ಕೆ ರಾಶಿ, ಅದೇ ಹೊಲ ಹದ ಮಾಡಿ ಸೆಪ್ಟೆಂಬರ್-ಅಕ್ಟೋಬರ್‌ನ ಉತ್ತರಿ-ಹಸ್ತ ಮಳೆಯ ತೇವಕ್ಕೆ ಬಿಳಿಜೋಳ. ಒಂದೇ ಮಳೆಗಾಲದಲ್ಲಿ ಎರಡು ಬೆಳೆ, ನೆಲಕ್ಕೆ ಸಾರಜನಕ, ಮನೆಗೆ ರೊಟ್ಟಿ, ದನಕ್ಕೆ ಕಣಿಕೆ. ಮೊದಲ ಬಿತ್ತನೆ ಮಳೆ ಜುಲೈ ಎರಡನೇ ವಾರಕ್ಕೆ ಜಾರಿತೆಂದರೆ ಈ ಜೋಡಿ ಮುರಿಯಿತು: ಕಾಯಿ ಬಿಡಿಸುವ ಹೊತ್ತಿಗೆ ಸೆಪ್ಟೆಂಬರ್ ಜಡಿಮಳೆ, ಗಿಡದಲ್ಲೇ ಕಾಳು ಮೊಳಕೆ, ಕಪ್ಪು ಕಲೆ, ಮಂಡಿಯಲ್ಲಿ ಯಾರೂ ಮುಟ್ಟುವುದಿಲ್ಲ. ಜೋಳದ ಬಿತ್ತನೆಯೂ ಹಿಂದೆ ಬಿತ್ತು. ತಡವಾದ ಜೋಳಕ್ಕೆ ಮೊದಲು ಸುಳಿ ನೊಣ, ಕಾಳು ಕಟ್ಟುವಾಗ ತೇವ ಮುಗಿದು ಇದ್ದಿಲು ಕೊಳೆ, ಗಿಡ ಬುಡದಲ್ಲೇ ಮುರಿದು ಮಲಗುತ್ತದೆ. ಎಳ್ಳ ಅಮಾಸಿಗೆ ಹೊಲಕ್ಕೆ ನೈವೇದ್ಯದ ಚರಗ ಚೆಲ್ಲಲು ಹೋದರೆ ಹಾಲುಗಾಳು ಇರಬೇಕಾದ ತೆನೆಯಲ್ಲಿ ಇನ್ನೂ ಹೂವು. ಹೆಸರು ಹೋದದ್ದು ಬಿಸಿ ತಡೆಯದೆ ಅಲ್ಲ. ಬಿಸಿಗೆ ಅದು ಗಟ್ಟಿ ಬೆಳೆ. ಹೋದದ್ದು ಪಂಚಾಂಗ ಕೆಟ್ಟು. ‘ರೋಹಿಣಿ ಮಳೆಗೆ ಓಣಿ ತುಂಬ ಜೋಳ’ ಎಂದವರ ಲೆಕ್ಕವೂ ಉಷ್ಣಾಂಶದ್ದಲ್ಲ, ತಾರೀಖಿನದು.

ಎರಡೂ ಬೆಳೆ ಬಿಟ್ಟವರು ಹೋದದ್ದೆಲ್ಲಿಗೆ? ಬರೇ ತೊಗರಿಗೆ. ವರ್ಷವರ್ಷ ಅದೇ ಹೊಲ, ಅದೇ ತೊಗರಿ. ಗಿಡವನ್ನು ಸೊರಗಿಸಿ ಒಣಗಿಸುವ ನೆಟೆ ರೋಗದ ಫ್ಯುಸೇರಿಯಂ ಶಿಲೀಂಧ್ರ ಹಳೆಯ ಬೇರು-ಕೂಳೆಯಲ್ಲಿ ಎರಡು ಮೂರು ವರ್ಷ ಬದುಕಿರುತ್ತದೆ. ನಡುವೆ ಜೋಳ ಬಂದರೆ ಅದಕ್ಕೆ ಆಹಾರವಿಲ್ಲದೆ ಸೊರಗುತ್ತದೆ. ಜೋಳ ಹೋಯಿತು, ಅದು ಕೊಬ್ಬಿತು. ಮೇಲಿಂದ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಒಂದೇ ಸಲ ಸುರಿಯುವ ಮಳೆ. 2020ರ ಅಕ್ಟೋಬರ್‌ನಲ್ಲಿ ಭೀಮಾ ಉಕ್ಕಿದ್ದು ನೆನಪಿದೆಯಲ್ಲ? ಎರಿ ನೆಲದಲ್ಲಿ ಮೂರು ದಿನ ನೀರು ನಿಂತರೆ ಬೇರು ಉಸಿರುಗಟ್ಟುತ್ತದೆ, ಆಮೇಲೆ ಬಿಸಿಲು ಹೊಡೆದರೆ ಹೂವಿದ್ದ ಗಿಡ ನಿಂತಲ್ಲೇ ಒಣಗುತ್ತದೆ. ಕಾಂಡ ಸೀಳಿ ನೋಡಿ: ಒಳಗೆ ಕಂದು-ಕಪ್ಪು ಗೆರೆ ಇದ್ದರೆ ನೆಟೆ. ಗೆರೆ ಇಲ್ಲದೆ ಬೇರಿನ ಸಿಪ್ಪೆ ನಾರುನಾರಾಗಿ ಕಿತ್ತು ಬಂದರೆ ಅದು ಒಣಬೇರು ಕೊಳೆ, ಬಿಸಿ ಮತ್ತು ಬರದ ಮಗ. ನೋಡದೆ ಔಷಧ ಸುರಿಯುವವರಿಗೆ ಏನು ಹೇಳುವುದು.

ತಳಿ ಬದಲಿಸಿದರಾಯಿತು ಅನ್ನುತ್ತಾರೆ. ತೊಗರಿಯ ಮಾರುತಿ ತಳಿ ನೆಟೆಗೆ ಬಗ್ಗದು, ಆದರೆ ಗೊಡ್ಡು ರೋಗಕ್ಕೆ ಬಲು ಬೇಗ ತುತ್ತು. ನುಸಿಯೊಂದು ವೈರಸ್ ಹೊತ್ತು ತರುತ್ತದೆ, ಗಿಡ ಹಚ್ಚಗೆ ಪೊದೆಯಾಗಿ ಹೂವೇ ಬಿಡದೆ ನಿಲ್ಲುತ್ತದೆ. ಆಶಾ ಎರಡನ್ನೂ ತಡೆಯುತ್ತದೆ, ಆದರೆ ಆರು ತಿಂಗಳು ಬೇಕು. ಹಿಂಗಾರು ಕೈಕೊಟ್ಟ ವರ್ಷ ಕಾಳು ಸೊಟ್ಟೆ. ಟಿಎಸ್-3ಆರ್ ಐದು ತಿಂಗಳಿಗೆ ಬಂದು ತೇವ ಇರುವಾಗಲೇ ಮುಗಿಸುತ್ತದೆ, ಅದಕ್ಕೇ ಅದರ ಮೇಲೆ ಎಲ್ಲರ ಕಣ್ಣು.

ಕೀಡೆಗಳಿಗೆ ಮಾತ್ರ ಮಣ್ಣಿನ ಹಂಗಿಲ್ಲ, ಹಗಲಿನ ಹಂಗೂ ಅಷ್ಟಿಲ್ಲ. 1960ರಿಂದ ಈಚೆಗೆ ಬೆಳೆಗಳ ಕೀಟ-ರೋಗಗಳು ಸರಾಸರಿ ವರ್ಷಕ್ಕೆ 2.7 ಕಿ.ಮೀ. ಧ್ರುವದತ್ತ ಸರಿದಿವೆ ಎಂಬ ಅಂದಾಜಿದೆ. ಬೆಳೆಗಿಂತ ಕಳ್ಳ ಚುರುಕು. ನಮ್ಮ ಕಾಯಿಕೊರಕ ಎಲ್ಲಿಗೂ ಹೋಗಬೇಕಿಲ್ಲ. ನವೆಂಬರ್ ರಾತ್ರಿ ಬೆಚ್ಚಗಿದ್ದರೆ ಮೊಟ್ಟೆಯಿಂದ ಪತಂಗವಾಗುವ ದಿನ ಕಡಿಮೆಯಾಗಿ ಅದೇ ಹೂವು-ಕಾಯಿಯ ಮೇಲೆ ಇನ್ನೊಂದು ತಲೆಮಾರು ಎದ್ದು ಕೂರುತ್ತದೆ. ಎಕರೆಗೆ ಪತಂಗ ಸೆಳೆಯುವ ಎರಡು ಮೋಹಕ ಬಲೆ ಕಟ್ಟಿ, ಗಿಡಕ್ಕೆ ಎರಡು ಮೊಟ್ಟೆ ಅಥವಾ ಒಂದು ಕೀಡೆ ಕಂಡಾಗ ಹೊಡೆಯಬೇಕು, ಪಕ್ಕದವನು ಹೊಡೆದ ಎಂದಲ್ಲ. ಕೀಡೆಗೇ ರೋಗ ತರುವ ಎನ್‌ಪಿವಿ ನಂಜಾಣು ಎಕರೆಗೆ 100 ಎಲ್‌ಇ (ಒಂದು ಎಲ್‌ಇ ಎಂದರೆ ರೋಗ ತಗುಲಿದ ಒಂದು ಕೀಡೆಯಲ್ಲಿರುವಷ್ಟು ನಂಜಾಣು), ಅದೂ ಸಂಜೆಗೆ. ಬಿಸಿಲಿಗೆ ಹೊಡೆದರೆ ನಂಜಾಣುವೇ ಸಾಯುತ್ತದೆ, ಕೀಡೆ ನಗುತ್ತದೆ.

‘ರೈತರು ಬೆಳೆ ಬದಲಿಸುತ್ತಲೇ ಬಂದಿದ್ದಾರೆ, ಇದರಲ್ಲೇನು ಹೊಸತು’ ಎಂದು ಒಬ್ಬರು ಕೇಳಿದ್ದಾರೆ. ಹೌದ್ರಿ. ಸುರಪುರ-ಶಹಾಪುರಕ್ಕೆ ಭತ್ತ ಬಂದದ್ದು ನಾರಾಯಣಪುರದ ಕಾಲುವೆಯಿಂದ. ಬೀದರ್‌ಗೆ ಸೋಯಾ ಬಂದದ್ದು ಎಣ್ಣೆ ಗಿರಣಿ ಮತ್ತು ದರದಿಂದ. 2018ರಲ್ಲಿ ಕರ್ನಾಟಕದಲ್ಲೇ ದೇಶಕ್ಕೆ ಮೊದಲು ಕಾಣಿಸಿದ ಫಾಲ್ ಸೈನಿಕ ಹುಳು ಅಮೆರಿಕ ಖಂಡದ್ದು. ಅದು ಬಂದದ್ದನ್ನೂ ಬಿಸಿಯ ಲೆಕ್ಕಕ್ಕೆ ಬರೆಯಲಾಗದು. ಅದಕ್ಕೇ ಹೇಳುವುದು, ಬಂದದ್ದನ್ನೆಲ್ಲ ಹವಾಮಾನದ ಖಾತೆಗೆ ಹಾಕಬೇಡಿ, ಸೇಬನ್ನಂತೂ ಬೇಡ. ‘ಗಾಳಿಯಲ್ಲಿ ಇಂಗಾಲ ಹೆಚ್ಚಾದರೆ ಫಸಲು ಹೆಚ್ಚು’ ಎನ್ನುವ ಪಂಡಿತರೂ ಇದ್ದಾರೆ. ತೊಗರಿಗೆ ಸ್ವಲ್ಪ ಹಸಿರು ಹೆಚ್ಚಬಹುದು. ನೀರಲ್ಲಿ ಬೇರು ಸತ್ತ ಗಿಡ ಆ ಇಂಗಾಲ ಇಟ್ಟುಕೊಂಡು ಏನು ಮಾಡಬೇಕು? ಹೈದರಾಬಾದ್ ಬಳಿಯ ಪಟಾಂಚೇರುವಿನ ಇಕ್ರಿಸ್ಯಾಟ್ ಬೆಳೆ ಸಂಶೋಧನಾ ಸಂಸ್ಥೆಯವರು 2025ರಲ್ಲಿ ಹಗಲಿನ ಗಡಿಯಾರ ನೋಡದ, 45 ಡಿಗ್ರಿಗೂ ಹೆದರದ, 125 ದಿನದ ತೊಗರಿ ತಳಿ ಐಸಿಪಿವಿ 25444 ತಂದಿದ್ದಾರೆ. ಇದಕ್ಕೆ ಕೈ ಮುಗಿಯಿರಿ, ಅಡ್ಡಿಯಿಲ್ಲ. ಬೇಸಿಗೆಗೆ ನೀರಿದ್ದವನಿಗೆ ಅದು ವರ, ಮಳೆ ನಂಬಿದ ಎರಿ ಹೊಲದವನಿಗೆ ಇನ್ನೂ ದೂರ.

ತಮಾಷೆ ಎಂದರೆ, 2019ರಲ್ಲಿ ಗುಲಬರ್ಗಾ ತೊಗರಿ ಬೇಳೆಗೆ ಭೌಗೋಳಿಕ ಸೂಚ್ಯಂಕ ಸಿಕ್ಕಿತು. ಈ ಮಣ್ಣು, ಈ ಸುಣ್ಣಕಲ್ಲು, ಈ ರುಚಿ ಎಂದು ಬೇಳೆಯನ್ನು ಕಾಗದದಲ್ಲಿ ಇಲ್ಲಿಗೆ ಕಟ್ಟಿದೆವು. ಮಳೆಗೆ ಆ ಕಾಗದ ತೋರಿಸಿದವರು ಯಾರೂ ಇಲ್ಲ.

ಜುಲೈನ ಪುನರ್ವಸು ಮಳೆ ನಡೆದಿದೆ, ಇನ್ನೂ ಬಿತ್ತದವರಿದ್ದೀರಿ. ಹೆಸರಿನ ಆಸೆ ಈ ವರ್ಷ ಬಿಡಿ. ತೊಗರಿಗೆ ಸಾಲಿನ ಅಂತರ 90ರಿಂದ 60 ಸೆಂ.ಮೀ.ಗೆ, ಗಿಡದಿಂದ ಗಿಡಕ್ಕೆ 30ರಿಂದ 20ಕ್ಕೆ ಇಳಿಸಿ. ಎಕರೆಗೆ 15,000 ಇದ್ದ ಗಿಡ 33,000 ಆಗುತ್ತದೆ, ಕವಲಿನ ಕೊರತೆಯನ್ನು ಗಿಡದ ಲೆಕ್ಕ ತುಂಬುತ್ತದೆ. ಬೀಜ 4-5 ಕೆ.ಜಿ. ಬದಲು 6-7 ಕೆ.ಜಿ. ಹಾಕಿ. ಪ್ರತಿ ಕೆ.ಜಿ. ಬೀಜಕ್ಕೆ ರೋಗದ ಶಿಲೀಂಧ್ರವನ್ನು ತಡೆಯುವ ಟ್ರೈಕೊಡರ್ಮಾ ಶಿಲೀಂಧ್ರದ ಪುಡಿ 4 ಗ್ರಾಂ ಸವರಿ ನೆರಳಲ್ಲಿ ಆರಿಸಿ. ಅದರ ಜೊತೆ ರಾಸಾಯನಿಕ ಶಿಲೀಂಧ್ರನಾಶಕ ಬೆರೆಸಿದರೆ ದುಡ್ಡು ದಂಡ. ಐದಾರು ಸಾಲಿಗೊಂದು ಬಸಿಗಾಲುವೆ ಈಗಲೇ ಹೊಡೆಯಿರಿ, ಸೆಪ್ಟೆಂಬರ್‌ನಲ್ಲಿ ಎರಿ ಹೊಲದೊಳಗೆ ಎತ್ತೂ ಇಳಿಯದು, ಟ್ರ್ಯಾಕ್ಟರೂ ಇಳಿಯದು. ಸೇಬಿನ ವಿಡಿಯೊ ಎಲ್ಲಿಗೂ ಓಡಿಹೋಗುವುದಿಲ್ಲ, ನಾಳೆ ಆರನೇ ಗ್ರೂಪಿನಿಂದ ಬಂದೇ ಬರುತ್ತದೆ.